ಕಾರ್ತಿಕದಲ್ಲಿ ಏರಿದ ಬಿಪಿ

ಪಾಸ್‌ಪೋರ್ಟ್ ಬೇಡದ ಪರದೇಶಗಳು ನಮ್ಮ ಸುತ್ತಲೇ ಇವೆ. ನಾನು ಬಳ್ಳಾರಿಯವಳು. ತರಕಾರಿ ಚೌಕಾಸಿ ಮಾಡುವುದು, ಜಗಳ ಆಡುವುದು, ಮಗುವನ್ನು ಮಲಗಿಸುವುದು ಎಲ್ಲವೂ ನನಗೆ ಕನ್ನಡದಲ್ಲೂ ಬರುತ್ತದೆ, ತೆಲುಗಿನಲ್ಲೂ ಬರುತ್ತದೆ. ಆಂಧ್ರಕ್ಕೆ ಹೋಗುವುದೆಂದರೆ ಹಿತ್ತಲಿಗೆ ಹೋದಂತೆ ಎಂದು ಬೀಗುತ್ತಿದ್ದೆ. ವಿಶಾಖಪಟ್ಟಣದಲ್ಲಿ ಇಳಿದು ದ್ವಾರಕಾ ನಗರದ ಹೋಟೆಲಿಗೆ ಹೋಗಬೇಕೆಂದು ಆಟೋದವನಿಗೆ ಹೇಳಿದ್ದೇ ತಡ, ಅವನು ಪೂರ್ತಿ ಹಿಂದಕ್ಕೆ ತಿರುಗಿ, "ರಾಯಲಸೀಮೆ ಕಡೆಯವರಾ ಅಮ್ಮಾ?" ಎಂದು ನಕ್ಕ. ನನ್ನ ತೆಲುಗು ಅಲ್ಲಿಯವರ ಕಿವಿಗೆ ಜೋಳದ ರೊಟ್ಟಿ ತಟ್ಟಿದಂತೆ ಕೇಳಿಸುತ್ತದಂತೆ. ಬೀಗಿದ್ದು ಆಟೋ ಹೊರಡುವ ಮೊದಲೇ ಇಳಿಯಿತು.

ಹೋಗಿದ್ದು ಕೆಲಸದ ಮೇಲೆ. ಕಾಲೇಜಿನಲ್ಲಿ ಸಮುದಾಯ ಆರೋಗ್ಯದ ಪಾಠ ಹೇಳುವ ನನ್ನನ್ನು ಒಂದು ಸೇವಾ ಸಂಸ್ಥೆ ಕರೆದಿತ್ತು. ಅವರು ವಿಶಾಖಪಟ್ಟಣದ ಒಂದು, ವಿಜಯವಾಡದ ಒಂದು ಸಮುದಾಯ ಆರೋಗ್ಯ ಕೇಂದ್ರಕ್ಕೆ ಒಬ್ಬೊಬ್ಬ ಹೆಚ್ಚುವರಿ ನರ್ಸನ್ನು ಕೊಟ್ಟಿದ್ದರು. ಬಿಪಿ ಇರುವವರ ಬೆನ್ನು ಬಿಡದೆ, ಮನೆಮನೆಗೆ ಹೋಗಿ, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಆ ನರ್ಸಿನ ಕೆಲಸ. ವರ್ಷ ತುಂಬಿತ್ತು. ಒಬ್ಬಿಬ್ಬರದಲ್ಲ, ಇಡೀ ಬಡಾವಣೆಯ ಬಿಪಿ ಇಳಿದಿದೆಯೇ ಎಂದು ಈಗ ಅಳೆಯಬೇಕಿತ್ತು. ಇಳಿದಿದ್ದರೆ ನರ್ಸ್ ಉಳಿಯುತ್ತಾರೆ. ಇಳಿಯದಿದ್ದರೆ ಹುದ್ದೆ ವಾಪಸ್. ಕೇಳಲು ಬಹಳ ಸರಳ. ನಾನೂ ಹಾಗೆಯೇ ಅಂದುಕೊಂಡು ಹೋದೆ.

ವಿಶಾಖಪಟ್ಟಣ: ನಿದ್ದೆ ಬರಿಸುವ ಬೆಂಚು

ಅಲ್ಲಿನ ಕೇಂದ್ರ ಬಂದರಿನ ಮೇಲಿನ ದಿಣ್ಣೆಯಲ್ಲಿದೆ. ಹತ್ತಿ ಹೋಗುವಷ್ಟರಲ್ಲಿ ಏದುಸಿರು. ಬಂದವರ ಬಿಪಿಯನ್ನು ಕೂಡಲೇ ನೋಡಿದರೆ ಎಲ್ಲರದ್ದೂ ಆಕಾಶದಲ್ಲಿರುತ್ತದೆ. ಅದಕ್ಕೇ ಅಲ್ಲಿನ ಡಾಕ್ಟರಮ್ಮ ವರಾಂಡದಲ್ಲಿ ಸಮುದ್ರಕ್ಕೆ ಮುಖಮಾಡಿ ಒಂದು ಉದ್ದನೆಯ ಬೆಂಚು ಹಾಕಿಸಿದ್ದಾರೆ. ಅದರ ಮೇಲೆ ಕೂತವರು ಮಾತಾಡುವಂತಿಲ್ಲ, ಫೋನು ನೋಡುವಂತಿಲ್ಲ. ಸಮುದ್ರ ನೋಡುತ್ತಾ ಸುಮ್ಮನಿರಬೇಕು. ಆಮೇಲೆ ಒಳಗೆ ಕರೆದು ತೋಳಿಗೆ ಪಟ್ಟಿ ಕಟ್ಟುತ್ತಾರೆ.

ಗುರುವಾರ ಬೆಳಿಗ್ಗೆ ನಾನು ಹೋದಾಗ ಬೆಂಚು ತುಂಬಿತ್ತು. ಮೀನು ಮಾರುವ ಹೆಂಗಸರು, ಬಂದರಿನಲ್ಲಿ ಮೂಟೆ ಹೊತ್ತು ಬೆನ್ನು ಬಾಗಿದವರು, ಒಬ್ಬ ನಿವೃತ್ತ ಟಪಾಲು ಮಾಸ್ತರರು. ಗೇಟಿನಿಂದ ಬಾಗಿಲವರೆಗೆ ಕಂಡವರೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಟಿಫಿನ್ ಅಯ್ಯಿಂದಾ?" ತಿಂಡಿ ಆಯಿತಾ ಎಂದು. ನಮ್ಮಲ್ಲಿ ಆರಾಮಾ ಎಂದು ಕೇಳುವ ಜಾಗದಲ್ಲಿ ಅವರಿಗೆ ಇದು. ಆಗಿಲ್ಲ ಎಂದರೆ ಕೆಲಸವೇ ನಿಂತುಹೋಗುತ್ತದೆ. ಹೋಟೆಲಿನಲ್ಲಿ ಪೆಸರಟ್ಟು ಬರುವುದು ತಡವೆಂದು ಬರೀ ಕಾಫಿ ಕುಡಿದು ಬಂದಿದ್ದೆ. ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ. ಯಾರೋ ಇಡ್ಲಿ ತಂದರು, ಮತ್ಯಾರೋ ಚಟ್ನಿ ತಂದರು. ತಿಂದು ಕೈತೊಳೆದು, ನಾನೂ ನಿಯಮ ಪಾಲಿಸೋಣವೆಂದು ಬೆಂಚಿನ ತುದಿಯಲ್ಲಿ ಕೂತೆ.

ಸಮುದ್ರದ ಗಾಳಿ, ಹೊಟ್ಟೆಯಲ್ಲಿ ಇಡ್ಲಿ. ದೂರದಲ್ಲಿ ಒಂದು ಹಡಗು ನಿಂತಲ್ಲೇ ನಿಂತಿತ್ತು. ಅದು ಚಲಿಸುತ್ತಿದೆಯೋ ಇಲ್ಲವೋ ನೋಡೋಣವೆಂದು ಕಣ್ಣು ನೆಟ್ಟೆ. ಮುಂದೆ ಏನಾಯಿತೋ ಗೊತ್ತಿಲ್ಲ. ಬೆಂಚು ಮೆಲ್ಲಗೆ ನೀರಿಗಿಳಿದು ತೇಲತೊಡಗಿತ್ತು. ಟಪಾಲು ಮಾಸ್ತರರು ಹುಟ್ಟು ಹಾಕುತ್ತಿದ್ದರು, ನಮ್ಮ ಬಳ್ಳಾರಿಯ ಕೋಟೆಗುಡ್ಡ ದಡದಲ್ಲಿ ಕಾಣುತ್ತಿತ್ತು. ಎಚ್ಚರವಾದಾಗ ಬಿಸಿಲು ವರಾಂಡ ಬಿಟ್ಟು ಹೋಗಿತ್ತು, ಬೆಂಚು ಖಾಲಿಯಿತ್ತು. ನನ್ನ ಹೆಗಲ ಮೇಲೆ ಯಾರದೋ ಟವೆಲ್ಲು ಇತ್ತು. ನನ್ನ ನಿದ್ದೆ ಕೆಡಬಾರದೆಂದು ಎಲ್ಲರೂ ಹಿಂಬಾಗಿಲಿನಿಂದ ಓಡಾಡಿದ್ದರು.

"ನಿಮ್ಮ ಬಿಪಿ ಈಗ ನೋಡಿದರೆ ಮಗುವಿನ ಹಾಗಿರುತ್ತೆ," ಎಂದು ಡಾಕ್ಟರಮ್ಮ ನಕ್ಕರು. ನನಗೂ ಬಿಪಿ ಇದೆ. ಏಳು ವರ್ಷದಿಂದ ತಿಂಡಿಯಾದ ಮೇಲೆ ಒಂದು ಮಾತ್ರೆ. ಅದರಿಂದಾಗಿ ಗಡಿಯಾರದಂತೆ ನಡೆದುಕೊಂಡು ಹೋಗುತ್ತಿದೆ.

ಅಲ್ಲಿನ ಲೆಕ್ಕ ಚೆನ್ನಾಗಿತ್ತು. ತಿಂಗಳಿಂದ ತಿಂಗಳಿಗೆ ಬಿಪಿಯ ಗೆರೆ ಸಮಾಧಾನವಾಗಿ ಇಳಿದಿತ್ತು. ಒಂದು ಬೆಂಚು ಇಷ್ಟು ಮಾಡುತ್ತದೆಯೇ ಎಂದು ಆ ಹಡಗನ್ನು ಮತ್ತೊಮ್ಮೆ ನೋಡಿದೆ. ಅದು ಹೋಗಿಬಿಟ್ಟಿತ್ತು.

ರೈಲು: ಗೋದಾವರಿಯ ಮೇಲೆ

ಶನಿವಾರದ ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಪುಳಿಹೋರದ ಡಬ್ಬಿ ತೆಗೆದರು. ನಮ್ಮ ಪುಳಿಯೋಗರೆಯ ದಾಯಾದಿ ಅದು. ನಮ್ಮದರಲ್ಲಿ ಬೆಲ್ಲ ಇಣುಕುತ್ತದೆ, ಅವರದ್ದು ಹುಳಿಯನ್ನು ಹುಳಿಯಾಗಿಯೇ ಬಿಡುತ್ತದೆ. ಬೇಡವೆಂದರೆ ಕೇಳುವ ಜನವಲ್ಲ. ಗೋದಾವರಿ ಬಂದಾಗ ಅವರು ಊಟ ನಿಲ್ಲಿಸಿ ಕಿಟಕಿಯಿಂದ ನದಿಗೆ ಕೈಮುಗಿದರು. ನಾನೂ ಮುಗಿದೆ. ಸೇತುವೆ ಮುಗಿಯುವ ಹಾಗೇ ಇರಲಿಲ್ಲ. ಕೆಳಗೆ ಅಷ್ಟು ನೀರು, ಮೇಲೆ ಕಬ್ಬಿಣದ ತಡ್‌ತಡ್ ಸದ್ದು. ಹಗರಿಯ ಮರಳನ್ನೇ ನದಿಯೆಂದು ನಂಬಿ ಬೆಳೆದ ನನ್ನಂಥವಳಿಗೆ ಅದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ವಿಜಯವಾಡದ ಪ್ಲಾಟ್‌ಫಾರಂನಲ್ಲಿ ದುರ್ಗಾ ಕಾಯುತ್ತಿದ್ದಳು. ಅಲ್ಲಿನ ಕೇಂದ್ರದ ಹೆಚ್ಚುವರಿ ನರ್ಸ್ ಅವಳೇ. ಮೂವತ್ತರ ಆಸುಪಾಸಿನ, ಭವಾನಿಪುರಂನ ಗಲ್ಲಿಗಳಲ್ಲೇ ಹುಟ್ಟಿ ಬೆಳೆದ ಹುಡುಗಿ. ನನ್ನ ಚೀಲ ಕಿತ್ತುಕೊಂಡು ಮುಂದೆ ನಡೆದಳು. ಆಟೋದಲ್ಲಿ ಕೂತ ಮೇಲೆ ಒಮ್ಮೆಲೇ ಹೇಳಿದಳು.

"ಮೇಡಂ, ಹನ್ನೊಂದು ತಿಂಗಳು ಇಳಿದಿತ್ತು. ಈಗ ಎರಡು ವಾರದಿಂದ ಏರ್ತಾ ಇದೆ. ಯಾಕೆ ಅಂತ ನಂಗೆ ಗೊತ್ತಾಗ್ತಿಲ್ಲ. ಸೋಮವಾರ ಕೊನೆಯ ಅಳತೆ. ಅದೂ ಏರಿದರೆ ನನ್ನನ್ನ ಕಳಿಸಿಬಿಡ್ತಾರೆ."

"ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಗಲ್ವಾ?"

"ನಂಗೆ ಸಿಗುತ್ತೆ. ಅವರಿಗೆ ಯಾರು ಸಿಗ್ತಾರೆ?" ಎಂದಳು. ಮೂಗಿನ ತುದಿ ಕೆಂಪಾಗಿತ್ತು. "ನಾಲ್ಕು ಸಲ ಬಾಗಿಲು ಬಡಿದರೆ ಒಂದು ಸಲ ಮಾತ್ರೆ ತಗೊಳ್ಳೋ ಜನ ಮೇಡಂ. ಈಗ ಹೇಳದೇ ತಗೊಳ್ತಾರೆ. ನಾನು ಹೋದರೆ ಮತ್ತೆ ಮೊದಲಿನ ಹಾಗೆ."

ಅಳೆಯಲು ಬಂದವಳು ಸಮಾಧಾನ ಹೇಳುವಂತಿಲ್ಲ. ಸೋಮವಾರ ಎಷ್ಟು ಗಂಟೆಗೆ ಶುರು ಎಂದಷ್ಟೇ ಕೇಳಿದೆ.

ಪಟಮಟ: ಒಲೆ ಹೊತ್ತದ ಬೆಳಗು

ವಿಜಯವಾಡದಲ್ಲಿ ನಾನು ಉಳಿದಿದ್ದು ಪಟಮಟದಲ್ಲಿ, ಶೈಲಜಾಳ ಮನೆಯಲ್ಲಿ. ಬಳ್ಳಾರಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಅವಳು. ಗಂಡ ಬ್ಯಾಂಕಿನವರು, ವರ್ಗವಾಗಿ ಬಂದವರು ಅಲ್ಲೇ ಬೇರೂರಿದ್ದಾರೆ. ಮಗಳು ಚಿನ್ಮಯಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತೆಲುಗಿನಲ್ಲಿ. ನನ್ನನ್ನು ದೊಡ್ಡಮ್ಮ ಎನ್ನಬೇಕಾದವಳು "ಪೆದ್ದಮ್ಮಾ" ಎಂದು ಕರೆದು ಅಪ್ಪಿಕೊಂಡಳು. ಅಪ್ಪುಗೆಗೆ ಯಾವ ಭಾಷೆಯಾದರೇನು ಎಂದುಕೊಂಡೆ.

"ಅಕ್ಕಾ, ನಾಳೆ ಕಾರ್ತಿಕ ಸೋಮವಾರ. ಮುಂಜಾನೆ ಹೊಳಿಗೆ ಹೋಗಾಣು. ನೀವು ನೋಡಬೇಕ್ರಿ," ಎಂದು ಭಾನುವಾರ ಶೈಲಜಾ ಅಪ್ಪಣೆ ಕೊಟ್ಟಳು.

ನಸುಕಿನಲ್ಲಿ ಎಬ್ಬಿಸಿದಳು. ಅರ್ಧ ನಿದ್ದೆಯಲ್ಲೇ ಊರು ದಾಟಿ ಭವಾನಿಪುರಂನ ಘಾಟಿಗೆ ಬಂದೆವು. ಆ ನೋಟವನ್ನು ನಾನು ಕನಸಿನಲ್ಲಿ ಕಂಡೆನೋ ಎಚ್ಚರದಲ್ಲಿ ಕಂಡೆನೋ ಈಗಲೂ ಗೊಂದಲ. ಮಂಜು ಮುಚ್ಚಿದ ಕೃಷ್ಣೆ. ಬಾಳೆಯ ಪಟ್ಟೆಗಳಲ್ಲಿ ಹಚ್ಚಿಟ್ಟ ದೀಪಗಳು ಒಂದರ ಹಿಂದೊಂದು ಹೊರಟು, ಸ್ವಲ್ಪ ದೂರ ಹೋಗಿ, ಮಂಜಿನಲ್ಲಿ ಬೆಳಕು ಮಾತ್ರ ಉಳಿದು, ಆಮೇಲೆ ಅದೂ ಇಲ್ಲ. ಹೆಂಗಸರು ಎದೆಮಟ್ಟ ನೀರಿನಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. ಏನು ಬೇಡುತ್ತಿದ್ದರೋ ಕೇಳಿಸಲಿಲ್ಲ. ನೀರಿಗಿಳಿದಾಗ ಚಳಿಗೆ ನನ್ನ ಹಲ್ಲು ಕಟಕಟ ಎಂದವು. ಆದರೂ ಮನಸ್ಸಿಗೆ ಎಂಥದೋ ಹಗುರ. ನಾಸ್ತಿಕಳೆಂದು ಮನೆಯಲ್ಲಿ ಹೆಸರು ಪಡೆದಿರುವ ನಾನು ಎರಡು ದೀಪ ಬಿಟ್ಟೆ.

ಮನೆಗೆ ಬಂದರೆ ಅಡುಗೆಮನೆ ತಣ್ಣಗಿತ್ತು. ಒಲೆ ಹೊತ್ತಿಸುವ ಯಾವ ಸೂಚನೆಯೂ ಇಲ್ಲ.

"ಇವತ್ತು ನಮ್ದು ಉಪವಾಸ ಅಕ್ಕಾ, ಸಂಜಿಗೆ ಚುಕ್ಕಿ ಕಾಣೋತನಕ. ನಿಮಗೆ ಇಡ್ಲಿ ಮಾಡ್ಲೇನ್ರಿ?"

ಮೂರು ಜನರ ಉಪವಾಸದ ನಡುವೆ ಒಬ್ಬಳೇ ಇಡ್ಲಿ ತಿನ್ನುವ ಧೈರ್ಯ ನನಗಿಲ್ಲ. "ಬ್ಯಾಡವಾ, ನಾನೂ ಉಪವಾಸನ," ಎಂದುಬಿಟ್ಟೆ. ಊರಿಗೆ ಬಂದವಳು ನೀರಿಗೆ ಬಾರಳೇ ಎಂಬಂತೆ, ನೀರಿಗೂ ಇಳಿದಾಗಿತ್ತು, ಉಪವಾಸಕ್ಕೂ ಕೂತಾಯಿತು.

ಭವಾನಿಪುರಂ: ಸೋಮವಾರ

ಕೇಂದ್ರದ ಅಂಗಳ ತುಂಬಿತ್ತು. ನೆಂದ ಕೂದಲ ತುದಿಗೆ ಗಂಟು ಹಾಕಿಕೊಂಡ ಹೆಂಗಸರು, ಹಣೆಗೆ ವಿಭೂತಿ ಬಳಿದ ದೋಣಿ ನಡೆಸುವವರು. ಎಲ್ಲರೂ ನಗುತ್ತಾ ನಮಸ್ಕಾರ ಮಾಡಿದರು. ಏನೋ ಕಡಿಮೆಯಾಗಿದೆ ಎನಿಸಿತು. ಏನೆಂದು ಹೊಳೆಯಲಿಲ್ಲ.

ವಿಶಾಖಪಟ್ಟಣದ ಬೆಂಚಿನ ಕಥೆ ಹೇಳಿ ಇಲ್ಲೂ ಎಲ್ಲರನ್ನೂ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿದೆವು. ಸಮುದ್ರದ ಬದಲು ಎದುರಿಗೆ ಒಂದು ಬೇವಿನ ಮರವಿತ್ತು. ಆಮೇಲೆ ದುರ್ಗಾ ಒಬ್ಬೊಬ್ಬರನ್ನೇ ಕರೆದಳು. ಮೊದಲನೆಯವರದು ಹೆಚ್ಚು. ಎರಡನೆಯವರದೂ ಹೆಚ್ಚು. ಮೂರು, ನಾಲ್ಕು, ಐದು, ಎಲ್ಲರದ್ದೂ ಹಾಗೆಯೇ. ಒಂದೊಂದು ತೋಳಿಗೂ ಅವಳು ಎರಡೆರಡು ಸಲ ಪಟ್ಟಿ ಕಟ್ಟಿದಳು. ಬಂದವರು ಅವಳ ಮುಖ ನೋಡಿ ಇನ್ನಷ್ಟು ಗಾಬರಿಯಾಗುತ್ತಿದ್ದರು.

"ಯಂತ್ರವೇ ಕೆಟ್ಟಿರಬೇಕು. ನನ್ನದು ನೋಡು, ನನ್ನದು ಏರೋದೇ ಇಲ್ಲ," ಎಂದು ತೋಳು ಚಾಚಿದೆ.

ಏರಿತ್ತು. ನಾನು ಕಂಡು ಕೇಳದಷ್ಟು ಏರಿತ್ತು. ಒಳಗಿನಿಂದ ಇನ್ನೊಂದು ಯಂತ್ರ ತರಿಸಿದೆ. ಅದೂ ಅದನ್ನೇ ಹೇಳಿತು. ಇದು ಹೇಗೆ ಸಾಧ್ಯ ಎಂದು ನನಗೇ ಸಿಟ್ಟು ಬಂತು. ಮೊನ್ನೆ ಸಮುದ್ರದೆದುರು ಮಗುವಿನಂತಿದ್ದವಳು ನಾನು. ಆ ದಿನಕ್ಕೂ ಈ ದಿನಕ್ಕೂ ಏನು ವ್ಯತ್ಯಾಸ? ಅಂದು ಇಡ್ಲಿ ತಿಂದಿದ್ದೆ. ಇಂದು ತಿಂದಿಲ್ಲ. ತಿಂಡಿ ತಿನ್ನದವಳು ತಿಂಡಿಯ ನಂತರದ ಮಾತ್ರೆಯನ್ನು ಎಲ್ಲಿಂದ ನುಂಗಿಯಾಳು? ಅದು ಚೀಲದಲ್ಲೇ ಇತ್ತು.

ಆಗ ಹೊಳೆಯಿತು, ಬೆಳಗಿನಿಂದ ಕಡಿಮೆಯಾಗಿದ್ದದ್ದು ಏನೆಂದು. ಆ ಅಂಗಳದಲ್ಲಿ ಒಬ್ಬರೂ ನನ್ನನ್ನು ತಿಂಡಿ ಆಯಿತಾ ಎಂದು ಕೇಳಿರಲಿಲ್ಲ.

ಎದುರಿಗೆ ಕೂತಿದ್ದವಳು ಮಹಾಲಕ್ಷ್ಮಮ್ಮ. ಘಾಟಿನಲ್ಲಿ ಬತ್ತಿ, ಬಾಳೆಪಟ್ಟೆಯ ದೀಪ ಮಾರುವ ಅಜ್ಜಿ. ಬೆಳಿಗ್ಗೆ ನಾನು ಬಿಟ್ಟ ದೀಪಗಳೂ ಅವಳಿಂದಲೇ ಕೊಂಡವು.

"ಅಮ್ಮಾ, ಇವತ್ತು ಮಾತ್ರೆ ತಗೊಂಡಿರಾ?" ಎಂದು ಕೇಳಿದೆ.

"ಅದೇನಮ್ಮಾ ಹಾಗೆ ಕೇಳ್ತೀರಿ? ಟಿಫಿನ್ ಆದ ಮೇಲೆ ತಗೋಬೇಕು ಅಂತ ದುರ್ಗಮ್ಮ ಹೇಳಿದ್ದಾಳೆ. ಟಿಫಿನ್ನೇ ಇಲ್ಲ, ಮಾತ್ರೆ ಎಲ್ಲಿಂದ? ಅವಳ ಮಾತು ನಾನು ಮೀರಲ್ಲ."

ಬೆಂಚಿನ ಉದ್ದಕ್ಕೂ ಕೇಳುತ್ತಾ ಹೋದೆ. ಯಾರೂ ತೆಗೆದುಕೊಂಡಿರಲಿಲ್ಲ. ಕಳೆದ ಸೋಮವಾರವೂ ಇಲ್ಲ, ಅದರ ಹಿಂದಿನ ಸೋಮವಾರವೂ ಇಲ್ಲ. ವಿಶಾಖಪಟ್ಟಣದಲ್ಲಿ ಅಳೆಯುವುದು ಗುರುವಾರ. ಇಲ್ಲಿ ಸೋಮವಾರ. ಇಷ್ಟೇ ವ್ಯತ್ಯಾಸ.

"ಕಾರ್ತಿಕ ಪ್ರತಿವರ್ಷ ಬರುತ್ತೆ. ಹೆಂಗಸರ ಉಪವಾಸ ನಂಗೂ ಗೊತ್ತು," ಎಂದಳು ದುರ್ಗಾ, ದನಿ ಏರಿಸಿ. "ಆದರೆ ಈ ಗಂಡಸರು? ಇವರು ಯಾವತ್ತು ಉಪವಾಸ ಮಾಡಿದವರು? ಅಪ್ಪಾರಾವು ಮಾವಾ, ನಿನಗೇನಾಗಿದೆ?"

ದೋಣಿಯ ಅಪ್ಪಾರಾವು ನೆಲ ನೋಡಿದ. ಉತ್ತರ ಕೊಟ್ಟಿದ್ದು ಮಹಾಲಕ್ಷ್ಮಮ್ಮ.

"ನೀನೇ ಅಲ್ವೇನೇ ಅವತ್ತು ನಮ್ಮನೆ ಜಗುಲಿ ಮೇಲೆ ಕೂತು ಅತ್ತಿದ್ದು? ವರ್ಷ ಮುಗೀತಾ ಬಂತು, ನಿನ್ನನ್ನ ಎಲ್ಲಿ ಕಳಿಸಿಬಿಡ್ತಾರೋ ಅಂತ? ನಾವೇನು ಮಾಡೋಣ, ನಮಗೆ ಓದು ಬರುತ್ತಾ, ಅರ್ಜಿ ಬರೆಯೋಕೆ ಬರುತ್ತಾ? ಬೆಟ್ಟದ ಮೇಲಿನ ಅಮ್ಮನಿಗೆ ಹರಕೆ ಹೊತ್ತೆವು. ಕಾರ್ತಿಕದ ಸೋಮವಾರ ಎಲ್ಲಾ ಗಲ್ಲಿಗೆ ಗಲ್ಲಿಯೇ ಉಪವಾಸ ಇರ್ತೀವಿ, ನಮ್ಮ ದುರ್ಗಮ್ಮನ್ನ ನಮಗೇ ಬಿಡು ತಾಯಿ ಅಂತ."

ದುರ್ಗಾ ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ಅವರ ಕಡೆ. ಆಮೇಲೆ ಕುರ್ಚಿಯಲ್ಲಿ ಕುಸಿದು ಗಟ್ಟಿಯಾಗಿ ಅಳತೊಡಗಿದಳು, ಅಳುತ್ತಲೇ ಬೈಯತೊಡಗಿದಳು. "ನನ್ನನ್ನ ಉಳಿಸೋಕೆ ಹೋಗಿ ನೀವೇ ಸಾಯ್ತೀರಲ್ಲೋ! ನಿಮ್ಮ ಹರಕೆಯೇ ನನ್ನ ಕೆಲಸ ಕಳೀತಿದೆಯಲ್ಲೋ!" ಇಷ್ಟು ವರ್ಷ ಪಾಠ ಹೇಳಿದ್ದೇನೆ. ಬಿಪಿ ಏರುವ ಕಾರಣಗಳಲ್ಲಿ ಪ್ರೀತಿಯನ್ನು ಎಂದೂ ಹೇಳಿರಲಿಲ್ಲ.

ಸಂಸ್ಥೆಗೆ ಫೋನ್ ಮಾಡಿದೆ. ಆ ಕಡೆಯ ಅಧಿಕಾರಿ ಒಳ್ಳೆಯವರೇ, ನಿಯಮದವರು. ಅಳತೆ ಈ ವಾರದೊಳಗೆ ಮುಗಿಯಬೇಕು, ಮುಂದಕ್ಕೆ ಹಾಕುವಂತಿಲ್ಲ ಎಂದರು. ಬುಧವಾರವೂ ಈ ವಾರದೊಳಗೇ ಬರುತ್ತದಲ್ಲ ಎಂದೆ. ಸ್ವಲ್ಪ ಯೋಚಿಸಿ, "ಎರಡೂ ಅಳತೆ ಕಳಿಸಿ, ಯಾವುದನ್ನೂ ಮುಚ್ಚಿಡಬೇಡಿ," ಎಂದರು. ಮುಚ್ಚಿಡುವ ಮಾತೇ ಇರಲಿಲ್ಲ. ಬುಧವಾರ ಇಳಿಯದಿದ್ದರೆ ಅದನ್ನೂ ನಾನೇ ಬರೆಯಬೇಕಿತ್ತು.

ಭವಾನಿಪುರಂ: ಬುಧವಾರ

ಮಂಗಳವಾರ ದುರ್ಗಾ ಗಲ್ಲಿಯ ಪ್ರತಿ ಬಾಗಿಲಿಗೂ ಹೋಗಿ ಬಂದಳಂತೆ. ನನಗೆ ನಿದ್ದೆ ಸರಿಬರಲಿಲ್ಲ. ಕಣ್ಣು ಮುಚ್ಚಿದರೆ ದೀಪಗಳು ಮಂಜಿನೊಳಗೆ ಹೋಗುತ್ತಿದ್ದವು, ಹಿಂದೆಯೇ ಮಾತ್ರೆಗಳೂ ಬಾಳೆಪಟ್ಟೆಯಲ್ಲಿ ಕೂತು ಹೊರಟಿದ್ದವು.

ಬುಧವಾರ ಅಂಗಳಕ್ಕೆ ಕಾಲಿಟ್ಟೊಡನೆ ಅಪ್ಪಾರಾವು ದೂರದಿಂದಲೇ ಕೂಗಿದ: "ಮೇಡಂಗಾರೂ, ಟಿಫಿನ್ ಅಯ್ಯಿಂದಾ?" ಆ ಪ್ರಶ್ನೆ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಯಿತು, ಮಾತ್ರೆಯೂ ಆಯಿತು ಎಂದೆ. ಅವರೆಲ್ಲರದ್ದೂ ಆಗಿತ್ತು.

ಮತ್ತೆ ಬೇವಿನ ಮರದೆದುರು ಮೌನ. ಮರದಲ್ಲಿ ಒಂದು ಅಳಿಲು ಮಾತ್ರ ನಿಯಮ ಮುರಿಯುತ್ತಿತ್ತು. ದುರ್ಗಾ ಪಟ್ಟಿ ಕಟ್ಟುವುದು ಬೇಡವೆಂದು ಇನ್ನೊಬ್ಬ ನರ್ಸನ್ನು ಕೂರಿಸಿದ್ದೆ. ದುರ್ಗಾ ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತಿದ್ದಳು. ಒಬ್ಬೊಬ್ಬರೇ ಬಂದರು. ಇಳಿದಿತ್ತು. ಮತ್ತೊಬ್ಬರದು, ಇಳಿದಿತ್ತು. ಕೆಲವರದು ಇಳಿಯಲಿಲ್ಲ. ಉಪ್ಪಿನಕಾಯಿ ಇಲ್ಲದೆ ತುತ್ತು ಎತ್ತದ ಅಪ್ಪಾರಾವುದಂತೂ ಇದ್ದಲ್ಲೇ ಇತ್ತು. ಅವನಿಗೆ ಹೊಸ ಮಾತ್ರೆ ಬೇಕೆಂದು ಡಾಕ್ಟರು ಬರೆದರು. ಕೊನೆಗೆ ಗೆರೆ ಎಳೆದಾಗ ಅದು ಹನ್ನೊಂದು ತಿಂಗಳ ದಾರಿಗೇ ಮರಳಿತ್ತು. ಹೊರಗೆ ಹೋಗಿ ದುರ್ಗಾಳ ಹೆಗಲು ಮುಟ್ಟಿದೆ. ಅವಳು ತಿರುಗಲಿಲ್ಲ, ನನ್ನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

"ನೋಡಿದಿರಾ!" ಎಂದಳು ಮಹಾಲಕ್ಷ್ಮಮ್ಮ, ಇಡೀ ಅಂಗಳಕ್ಕೆ ಕೇಳುವಂತೆ. "ಸೋಮವಾರ ಉಪವಾಸ ಇದ್ದೆವು, ಬುಧವಾರಕ್ಕೆ ಅಮ್ಮ ಇಳಿಸಿಬಿಟ್ಟಳು!"

ಇಷ್ಟು ಕಷ್ಟಪಟ್ಟು ಕಂಡುಹಿಡಿದ ನನ್ನ ವಿಜ್ಞಾನಕ್ಕೆ ಸಿಕ್ಕ ಮರ್ಯಾದೆ ಇದು. ಅವಳ ಮುಖ ನೋಡಿ ಲೆಕ್ಕದ ಹಾಳೆಯನ್ನು ಮಡಿಸಿಟ್ಟೆ.

"ನಿಮ್ಮವರು ಯಾವಾಗ ಹೇಳ್ತಾರೆ, ಇವಳನ್ನ ಇಟ್ಕೊಳ್ತೀವಿ ಅಂತ?" ಎಂದು ಕೇಳಿದಳು.

"ಮುಂದಿನ ಸೋಮವಾರ."

"ಸೋಮವಾರವೇ!" ಬೆಂಚಿನ ತುಂಬ ಗುಜುಗುಜು ಎದ್ದಿತು. ದೇವರೇ ಮುಹೂರ್ತ ಇಟ್ಟಂತೆ ಅವರಿಗೆ. ಅಂದೂ ಉಪವಾಸ ಎಂದು ತೀರ್ಮಾನವಾಗಿಯೇ ಹೋಯಿತು. ದುರ್ಗಾ ಸೊಂಟಕ್ಕೆ ಕೈಯಿಟ್ಟು ನಿಂತಳು. ಉಪವಾಸ ಬೇಡವೆಂದರೆ ಯಾರೂ ಕೇಳುವುದಿಲ್ಲವೆಂದು ಅವಳಿಗೂ ಗೊತ್ತು. ವಾದ ನಡೆಯಿತು. ಮಾತ್ರೆ ಊಟವೋ ಅಲ್ಲವೋ? ನೀರು ಕುಡಿದರೆ ಹರಕೆ ಮುರಿಯುತ್ತದೋ ಇಲ್ಲವೋ? ಕೊನೆಗೆ ಒಪ್ಪಂದವಾಗಿದ್ದು ಹೀಗೆ: ಘಾಟಿನ ಗುಡಿಯಲ್ಲಿ ತೀರ್ಥ ಕೊಡುತ್ತಾರಲ್ಲ, ಅದರ ಜೊತೆ ಮಾತ್ರೆ ನುಂಗುವುದು. ತೀರ್ಥ ತೆಗೆದುಕೊಂಡರೆ ಉಪವಾಸ ಮುರಿಯುವುದಿಲ್ಲ. ತೀರ್ಥದ ಜೊತೆ ಒಳಗೆ ಹೋಗಿದ್ದೂ ತೀರ್ಥವೇ. ಅಷ್ಟು ಸೊಗಸಾದ ತರ್ಕವನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ.

ಹೊರಡುವಾಗ ಮಹಾಲಕ್ಷ್ಮಮ್ಮ ಒಂದು ಹಿಡಿ ಬತ್ತಿಯನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿದಳು. ಯಾಕೆ ಎಂದು ಹೇಳಲಿಲ್ಲ.

ಬಳ್ಳಾರಿ: ಮಾಳಿಗೆಯ ಮೇಲೆ

ಮುಂದಿನ ಸೋಮವಾರ ಬೆಳಿಗ್ಗೆ ನಮ್ಮೆಜಮಾನರು ಒಗ್ಗರಣೆ ಮಂಡಕ್ಕಿ ಮಾಡಿ ತಂದಿಟ್ಟರು. ಬೇಡವೆಂದೆ. ಒಂದು ಲೋಟ ನೀರಲ್ಲಿ ಮಾತ್ರೆ ನುಂಗಿದೆ.

"ಏನಾತು, ಮೈ ಹುಷಾರಿಲ್ಲೇನು?"

"ಉಪವಾಸ."

ಅವರು ನನ್ನನ್ನೇ ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಶಿವರಾತ್ರಿಗೂ ಉಪವಾಸ ಮಾಡದವಳು ನಾನು. "ಆಂಧ್ರದ ನೀರು ಹತ್ತೇತಿ," ಎಂದು ಮಂಡಕ್ಕಿಯನ್ನು ತಾವೇ ಮುಂದಕ್ಕೆಳೆದುಕೊಂಡರು.

ದಿನ ಬೆಳೆಯುತ್ತಲೇ ಹೋಯಿತು. ಮಧ್ಯಾಹ್ನ ದಾಟಿದ ಮೇಲೆ ಸಂಸ್ಥೆಯ ಅಧಿಕಾರಿಯ ಫೋನ್ ಬಂತು. ಎರಡೂ ಅಳತೆ ನೋಡಿದೆವು, ನಿಮ್ಮ ವಿವರಣೆಯನ್ನೂ ಓದಿದೆವು, ಎರಡೂ ಕೇಂದ್ರಗಳಲ್ಲಿ ನರ್ಸ್ ಮುಂದುವರಿಯುತ್ತಾರೆ, ಇನ್ನು ವಿಜಯವಾಡದ ಅಳತೆಯೂ ಗುರುವಾರವೇ ಆಗಲಿ ಎಂದರು. ನಾನು ಧನ್ಯವಾದ ಹೇಳಿದೆನೋ ಇಲ್ಲವೋ ನೆನಪಿಲ್ಲ. ಕೂಡಲೇ ದುರ್ಗಾಳಿಗೆ ಮಾಡಿದೆ.

"ನೀನು ಉಳಿದೆ ಕಣೇ," ಎಂದೆ, ತೆಲುಗೋ ಕನ್ನಡವೋ ನೋಡದೆ. ಅವಳಿಗೆ ಅರ್ಥವಾಯಿತು. ಅವಳು ಏನೋ ಕೂಗಿದಳು, ಆಮೇಲೆ ಅಂಗಳಕ್ಕೆ ಅಂಗಳವೇ ಎದ್ದು ಗದ್ದಲ ಮಾಡಿದ್ದು ಕೇಳಿಸಿತು. ಎಲ್ಲರೂ ಅಲ್ಲಿಯೇ ಕೂತು ಕಾಯುತ್ತಿದ್ದರು.

"ಮೇಡಂ, ಎಲ್ಲರೂ ಮಾತ್ರೆ ತಗೊಂಡಿದ್ದಾರೆ," ಎಂದಳು ಅಳು ನಗು ಕೂಡಿದ ದನಿಯಲ್ಲಿ. "ಅನ್ನ ಮಾತ್ರ ಯಾರೂ ಮುಟ್ಟಿಲ್ಲ."

"ಆಯಿತಲ್ಲ, ಇನ್ನು ಊಟ ಮಾಡಲಿ."

ಅವಳು ಕೇಳಿ ಬಂದಳು. "ಚುಕ್ಕಿ ಕಾಣೋವರೆಗೆ ಮಾಡಲ್ವಂತೆ. ಹರಕೆ ಅರ್ಧಕ್ಕೆ ಬಿಡಬಾರದಂತೆ."

ಸಂಜೆ ಕಾಗದದ ಪೊಟ್ಟಣ ಬಿಚ್ಚಿ, ಒಂದು ಬತ್ತಿ ತೆಗೆದು ಹಣತೆಯಲ್ಲಿಟ್ಟು ಮಾಳಿಗೆಗೆ ಒಯ್ದೆ. ಹಸಿವಿನಿಂದ ಕಣ್ಣು ಮಂಜಾಗಿತ್ತು. ಗುಡ್ಡದ ಮೇಲೆ ಬೆಳಕು ಇನ್ನೂ ಆರಿರಲಿಲ್ಲ. ಕೃಷ್ಣೆಯ ದಂಡೆಯಲ್ಲಿ ಮಹಾಲಕ್ಷ್ಮಮ್ಮನೂ ಇದೇ ಆಕಾಶದ ಕಡೆ ಮುಖವೆತ್ತಿ ನಿಂತಿರುತ್ತಾಳೆ ಎಂದುಕೊಂಡು, ಮೊದಲ ಚುಕ್ಕಿಗಾಗಿ ನಾನೂ ಕಾದೆ.